ನಮ್ಮ ನಗದು ಪುಸ್ತಕ, ವಿಶ್ವವಿದ್ಯಾಲಯದ ಬಜೆಟ್ಟು

(ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಈ ಸಭೆಗೆ ಕರೆದ ಸಿಸ್ಟರ್ ಒಂದು ಮಾತು ಹೇಳಿದರು. "ನೀವು ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೀರಿ. ಅಲ್ಲಿ ಏನೇನು ಕೆಲಸ ಇರ್ತವೆ, ಅದಕ್ಕೆ ಎಷ್ಟು ಓದಿರಬೇಕು, ಸಂಘದವರಿಗೆ ಅರ್ಥ ಆಗೋ ಹಾಗೆ ಹೇಳಿ. ನಮ್ಮ ಹೆಣ್ಣುಮಕ್ಕಳು ಬಿ.ಕಾಂ. ಮುಗಿಸಿ ಮನೇಲಿ ಕೂತಿದ್ದಾರೆ" ಅಂದರು. ಅದಕ್ಕೇ ಬಂದೆ.

ವಿಶ್ವವಿದ್ಯಾಲಯ ಅಂದ ಕೂಡಲೇ ನಮಗೆ ದೊಡ್ಡ ದೊಡ್ಡ ಪ್ರೊಫೆಸರುಗಳು ನೆನಪಿಗೆ ಬರುತ್ತಾರೆ. ಆದರೆ ಪಾಠ ಮಾಡುವವರಿಗೆ ಸಂಬಳ ಆಗಬೇಕು, ಪರೀಕ್ಷೆಗೆ ಕಾಗದ ಬರಬೇಕು, ಹಾಸ್ಟೆಲ್ಲಿಗೆ ಅಕ್ಕಿ ಬರಬೇಕು. ಇದನ್ನೆಲ್ಲ ಲೆಕ್ಕ ಹಾಕಿ ನಡೆಸುವವರು ಬೇರೆಯೇ ಇದ್ದಾರೆ. ಅವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಅವರು ಮಾಡುವ ಕೆಲಸವನ್ನು ನೀವು ಆಗಲೇ ಮಾಡುತ್ತಿದ್ದೀರಿ ಎಂದು ಹೇಳಲಿಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ಬಜೆಟ್ ಅಂದರೆ ಏನು?

ನಿಮ್ಮ ಸಂಘವನ್ನೇ ತೆಗೆದುಕೊಳ್ಳೋಣ. 15 ಜನ ಸದಸ್ಯರು, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ. ವಾರಕ್ಕೆ 750 ಆಯಿತು. ವರ್ಷದ 52 ವಾರಕ್ಕೆ 39,000 ರೂಪಾಯಿ. ವರ್ಷದ ಮೊದಲಲ್ಲೇ ನೀವು ಹಾಕುವ ಈ ಲೆಕ್ಕಕ್ಕೆ 'ಅಂದಾಜು' ಎಂದು ಹೆಸರು. ಅರ್ಧ ವರ್ಷ ಆದಮೇಲೆ ಇಬ್ಬರು ಸದಸ್ಯರು ಊರು ಬಿಟ್ಟು ಹೋದರು ಅನ್ನಿ. ಉಳಿದ 26 ವಾರಕ್ಕೆ 2,600 ರೂಪಾಯಿ ಕಡಿಮೆ ಬರುತ್ತದೆ. ಆಗ 36,400 ಎಂದು ತಿದ್ದಿಕೊಳ್ಳುತ್ತೀರಿ. ಇದು 'ಪರಿಷ್ಕೃತ ಅಂದಾಜು'. ವರ್ಷದ ಕೊನೆಗೆ ಪುಸ್ತಕದಲ್ಲಿ ನಿಜವಾಗಿ ಎಷ್ಟು ಬಂದಿದೆಯೋ ಅದು 'ವಾಸ್ತವ'. ವಿಶ್ವವಿದ್ಯಾಲಯದ ಬಜೆಟ್ ಪುಸ್ತಕ ಎಷ್ಟೇ ದಪ್ಪ ಇರಲಿ, ಅದರಲ್ಲಿ ಮುಖ್ಯವಾಗಿ ಇರುವುದು ಈ ಮೂರು ಕಾಲಂ. ನೀವು ಸಾವಿರದಲ್ಲಿ ಬರೆಯುತ್ತೀರಿ, ಅವರು ಕೋಟಿಯಲ್ಲಿ ಬರೆಯುತ್ತಾರೆ, ಅಷ್ಟೇ.

ಅವರಿಗೆ ಆದಾಯ ಬರುವುದು ಸರ್ಕಾರದ ಅನುದಾನ, ಪರೀಕ್ಷಾ ಶುಲ್ಕ, ಪ್ರವೇಶ ಶುಲ್ಕ, ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ ಇವುಗಳಿಂದ. ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ ಮತ್ತು ಪಿಂಚಣಿಗೆ ಹೋಗುತ್ತದೆ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ. ಇಂಥ ಹಳೆಯ ಸಂಸ್ಥೆಗಳಲ್ಲಿ ನಿವೃತ್ತರಾದವರೇ ಬಹಳ ಜನ ಇರುತ್ತಾರೆ, ಪಿಂಚಣಿಯ ಹೊರೆ ಜಾಸ್ತಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅವರಿಗೂ ಬಿಟ್ಟಿದ್ದಲ್ಲ.

ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಶುಭಸಂದೇಶದಲ್ಲಿ ಹೇಳಿದ್ದಾರೆ. ಬುನಾದಿ ಹಾಕಿ ಅರ್ಧಕ್ಕೆ ನಿಲ್ಲಿಸಿದರೆ ನೋಡಿದವರು ನಗುತ್ತಾರೆ. ಬಜೆಟ್ ವಿಭಾಗದ ಕೆಲಸ ಅಂದರೆ ಹೀಗೆ ಮೊದಲೇ ಕೂತು ಲೆಕ್ಕ ಹಾಕುವ ಕೆಲಸ.

ಯಾರು ಯಾವ ಕೆಲಸ ಮಾಡುತ್ತಾರೆ?

ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಹತ್ತೋಣ.

ಮೊದಲನೇ ಮೆಟ್ಟಿಲು ದ್ವಿತೀಯ ದರ್ಜೆ ಸಹಾಯಕರು, ನಾವು ಎಸ್.ಡಿ.ಎ. ಅಂತೀವಲ್ಲ, ಅವರು. ಬಂದ ಬಿಲ್ಲುಗಳನ್ನು ವಹಿಯಲ್ಲಿ ದಾಖಲಿಸುವುದು, ವೋಚರ್‌ಗಳನ್ನು ಜೋಡಿಸಿಡುವುದು, ಕಂಪ್ಯೂಟರಿಗೆ ಏರಿಸುವುದು ಇವರ ಕೆಲಸ. ಸಾಮಾನ್ಯವಾಗಿ ಪಿ.ಯು.ಸಿ. ಪಾಸಾಗಿದ್ದರೆ ಈ ಹುದ್ದೆಗೆ ಅರ್ಜಿ ಹಾಕಬಹುದು.

ಎರಡನೆಯದು ಪ್ರಥಮ ದರ್ಜೆ ಸಹಾಯಕರು, ಎಫ್.ಡಿ.ಎ. ಇದಕ್ಕೆ ಪದವಿ ಬೇಕು. ಬಿ.ಕಾಂ. ಆಗಿದ್ದರೆ ಅನುಕೂಲ, ಆದರೆ ಬಿ.ಎ., ಬಿ.ಎಸ್ಸಿ. ಓದಿದವರೂ ಬರುತ್ತಾರೆ. ಒಂದು ಬಿಲ್ಲು ಬಂದರೆ ಅದು ಯಾವ ಲೆಕ್ಕ ಶೀರ್ಷಿಕೆಗೆ ಸೇರುತ್ತದೆ, ಆ ಶೀರ್ಷಿಕೆಯಲ್ಲಿ ಇನ್ನೂ ಹಣ ಉಳಿದಿದೆಯೇ, ಮಂಜೂರಾತಿ ಇದೆಯೇ ಎಂದು ನೋಡಿ ಕಡತದಲ್ಲಿ ಟಿಪ್ಪಣಿ ಬರೆಯುವವರು ಇವರೇ. ಬೇರೆ ಬೇರೆ ವಿಭಾಗಗಳಿಂದ ಮುಂದಿನ ವರ್ಷದ ಬೇಡಿಕೆ ತರಿಸಿಕೊಂಡು ತಖ್ತೆ ತಯಾರಿಸುವುದೂ ಇವರೇ. ನಾನು ಸೇರಿದ್ದು ಈ ಹುದ್ದೆಗೆ.

ಮೂರನೆಯದು ಅಧೀಕ್ಷಕರು, ಅಂದರೆ ಸೂಪರಿಂಟೆಂಡೆಂಟ್. ಸಾಮಾನ್ಯವಾಗಿ ಕೆಳಗಿನವರೇ ಅನುಭವದ ಮೇಲೆ ಬಡ್ತಿ ಪಡೆದು ಇಲ್ಲಿಗೆ ಬರುತ್ತಾರೆ. ಬಡ್ತಿಗೆ ಲೆಕ್ಕಪತ್ರದ ಇಲಾಖಾ ಪರೀಕ್ಷೆಗಳನ್ನು ಪಾಸು ಮಾಡಿಕೊಂಡಿದ್ದರೆ ಒಳ್ಳೆಯದು. ಕೆಲಸಕ್ಕೆ ಸೇರಿದ ಮೇಲೆ ಓದು ಮುಗಿಯಿತು ಅಂದುಕೊಂಡವರು ಕೂತಲ್ಲೇ ಕೂತಿರುತ್ತಾರೆ.

ನಾಲ್ಕನೆಯದು ಸಹಾಯಕ ಕುಲಸಚಿವರು, ಉಪ ಕುಲಸಚಿವರು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ, ಉದಾಹರಣೆಗೆ ಕಲಬುರಗಿ ಜಿಲ್ಲೆಯಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ, ಸಹಾಯಕ ಕುಲಸಚಿವರ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ. 55 ಅಂಕ ಕೇಳುತ್ತಾರೆ.

ಎಲ್ಲರಿಗಿಂತ ಮೇಲೆ ಹಣಕಾಸು ಅಧಿಕಾರಿ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2000ದ ಕಾಯಿದೆಯ ಪ್ರಕಾರ ಇವರನ್ನು ಸರ್ಕಾರವೇ ನೇಮಿಸುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿಯ ಜೊತೆ 15 ವರ್ಷದ ಅನುಭವ ಕೇಳುತ್ತಾರೆ. ಇವರು ಸಿದ್ಧಮಾಡಿದ ಬಜೆಟ್ಟು ಹಣಕಾಸು ಸಮಿತಿಗೆ ಹೋಗಿ, ಅಲ್ಲಿಂದ ಸಿಂಡಿಕೇಟ್ ಸಭೆಗೆ ಹೋಗುತ್ತದೆ. ನಿಮ್ಮಲ್ಲಿ ಪ್ರತಿನಿಧಿ ಲೆಕ್ಕ ಓದಿ, ಸಭೆ ಒಪ್ಪಿ, ನಡಾವಳಿ ಪುಸ್ತಕಕ್ಕೆ ಎಲ್ಲರೂ ಸಹಿ ಹಾಕುವುದಿಲ್ಲವೇ? ಅದೇ ಕ್ರಮ. ಆಮೇಲೆ ಲೆಕ್ಕ ಪರಿಶೋಧಕರು ಬಂದು ಎಲ್ಲವನ್ನೂ ಮತ್ತೆ ನೋಡುತ್ತಾರೆ.

ಒಂದು ಸಹಿಯ ಕಥೆ

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಸೇರಿ ಮೂರ್ನಾಲ್ಕು ವರ್ಷ ಆಗಿತ್ತು. ಮಾರ್ಚ್ 27ನೇ ತಾರೀಖು. ನಿಮಗೆ ಗೊತ್ತಲ್ಲ, ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಖರ್ಚಾಗದ ಹಣ ಆ ವರ್ಷಕ್ಕೆ ರದ್ದು. ಮೇಜಿನ ಮೇಲೆ ಬಿಲ್ಲುಗಳ ರಾಶಿ. ಅದರಲ್ಲಿ ಬಡ ವಿದ್ಯಾರ್ಥಿನಿಯರ ಹಾಸ್ಟೆಲ್ ಸಹಾಯಧನದ ಬಿಲ್ಲು ಒಂದು. ಅದಕ್ಕೆ ಒಂದು ಸಹಿ ಬಿಟ್ಟುಹೋಗಿತ್ತು. ನಾನು ನಿಯಮದ ಪ್ರಕಾರ "ಸಹಿ ಇಲ್ಲ, ಹಿಂತಿರುಗಿಸಿದೆ" ಎಂದು ಆಕ್ಷೇಪಣೆ ಬರೆದು ಕಳಿಸಿಬಿಟ್ಟೆ. ಸಹಿ ಹಾಕಬೇಕಾದವರು ಕೂರುತ್ತಿದ್ದುದು ಪಕ್ಕದ ಕಟ್ಟಡದಲ್ಲೇ. ಎದ್ದು ಹೋಗಿದ್ದರೆ ಐದು ನಿಮಿಷದ ಕೆಲಸ. ಹೋಗಲಿಲ್ಲ.

ಬಿಲ್ಲು ವಾಪಸ್ ಬಂದದ್ದು ಏಪ್ರಿಲ್‌ನಲ್ಲಿ. ಹಣ ರದ್ದಾಗಿತ್ತು. ಹೊಸದಾಗಿ ಮಂಜೂರಾತಿ ತೆಗೆದುಕೊಂಡು ಸಹಾಯಧನ ಕೈಗೆ ಸೇರುವಾಗ ಆಗಸ್ಟ್ ಬಂತು. ಆ ಪಟ್ಟಿಯಲ್ಲಿದ್ದ ಒಬ್ಬ ಹುಡುಗಿಯ ಹೆಸರಿನ ಮುಂದೆ ಯಾರೋ "ಕಾಲೇಜು ಬಿಟ್ಟಿದ್ದಾಳೆ" ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದರು. ಆಕೆ ಹಣ ಬಾರದ ಕಾರಣಕ್ಕೇ ಬಿಟ್ಟಳೋ, ಬೇರೆ ಕಾರಣ ಇತ್ತೋ, ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಆಡಿಟ್‌ನಲ್ಲಿ ನನ್ನ ಮೇಲೆ ಒಂದು ಮಾತೂ ಬರಲಿಲ್ಲ, ಯಾಕಂದರೆ ಪುಸ್ತಕದ ಪ್ರಕಾರ ನಾನು ಸರಿ. ಆದರೆ ಆ ಪೆನ್ಸಿಲ್ ಅಕ್ಷರ ಇವತ್ತಿಗೂ ಕಣ್ಣ ಮುಂದೆ ಇದೆ.

ಅಲ್ಲಿಂದ ಮುಂದೆ ಪ್ರತಿ ಮಾರ್ಚ್‌ನಲ್ಲೂ ವಿದ್ಯಾರ್ಥಿವೇತನದ ಬಿಲ್ಲುಗಳನ್ನು ಮೊದಲು ಬೇರೆ ಎತ್ತಿಟ್ಟುಕೊಳ್ಳುತ್ತಿದ್ದೆ. ಸಹಿ ಬೇಕಿದ್ದರೆ ಕಡತ ಹಿಡಿದು ನಾನೇ ಹೋಗುತ್ತಿದ್ದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಅರ್ಜಿಯಲ್ಲಿ ಕೇಳದ ಒಂದು ಅರ್ಹತೆ ಈ ಕೆಲಸಕ್ಕೆ ಬೇಕು. ಅಂಕಿಯ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಿರಬೇಕು. ಫೀಸ್ ಕಟ್ಟಲು ಸಂಘದಲ್ಲಿ ಸಾಲ ಎತ್ತಿದ ತಾಯಿಯ ಮಗಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಹೆಣ್ಣುಮಕ್ಕಳು ಆ ಕುರ್ಚಿಗಳಲ್ಲಿ ಕೂರಬೇಕು ಅನ್ನೋದೇ ನನ್ನ ಆಸೆ.

ಅಲ್ಲಿಗೆ ಹೋಗುವ ದಾರಿ

ಈ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ಇರುತ್ತದೆ. ಸರ್ಕಾರಿ ಇಲಾಖೆಗಳ ಎಫ್.ಡಿ.ಎ., ಎಸ್.ಡಿ.ಎ. ಪರೀಕ್ಷೆಯನ್ನು ಕರ್ನಾಟಕ ಲೋಕಸೇವಾ ಆಯೋಗ ನಡೆಸುತ್ತಾ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಕೆಲವು ನಿಗಮ, ಮಂಡಳಿ, ವಿಶ್ವವಿದ್ಯಾಲಯಗಳ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪರೀಕ್ಷೆ ನಡೆಸಿದೆ. ಸಾಮಾನ್ಯ ಜ್ಞಾನ, ಕನ್ನಡ, ಇಂಗ್ಲಿಷ್, ಕಂಪ್ಯೂಟರ್ ಜ್ಞಾನ ಇವುಗಳಿಗೆ ತಯಾರಿ ಬೇಕು. ದಿನಪತ್ರಿಕೆ ಓದುವ ಅಭ್ಯಾಸ ಇದ್ದರೆ ಅರ್ಧ ದಾರಿ ಸಾಗಿದ ಹಾಗೆ.

ಮೀಸಲಾತಿಯ ವಿಷಯ ಗಮನವಿಟ್ಟು ಕೇಳಿ. ನೇರ ನೇಮಕಾತಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಹಿಳೆಯರಿಗಿದೆ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ ನಿಮ್ಮ ಮಕ್ಕಳಿಗಾಗಿಯೇ ಇರುವಂಥವು ಇವು. ಆದರೆ ಬಾಯಲ್ಲಿ ಹೇಳಿದರೆ ಆಗಲಿಲ್ಲ, ಪ್ರಮಾಣಪತ್ರ ಬೇಕು. ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಗ್ರಾಮೀಣ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಇರಬೇಕು. ಅರ್ಜಿಯ ಕೊನೆ ದಿನಾಂಕದ ಒಳಗೆ ಕೈಯಲ್ಲಿರಬೇಕು. ಎಷ್ಟೋ ಮಕ್ಕಳು ಅಂಕ ಇದ್ದೂ ಕಾಗದ ಇಲ್ಲದೆ ಅವಕಾಶ ಕಳೆದುಕೊಂಡಿದ್ದಾರೆ. ಅರ್ಜಿ ಕರೆದ ಮೇಲೆ ಓಡಾಡಬೇಡಿ, ಈಗಲೇ ಮಾಡಿಸಿಡಿ.

ಪಿ.ಯು.ಸಿ.ಗೇ ಓದು ನಿಲ್ಲಿಸಿ ಮದುವೆಯಾದವರು ಇಲ್ಲಿ ಬಹಳ ಜನ ಇದ್ದೀರಿ. ಮೈಸೂರಿನಲ್ಲಿ 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲಿದ್ದುಕೊಂಡೇ ಬಿ.ಕಾಂ. ಮಾಡಬಹುದು. ಸಂಘದ ಪುಸ್ತಕ ಬರೆಯುವವಳಿಗೆ ಜಮಾ, ಖರ್ಚು ಹೊಸ ಪಾಠವೇನಲ್ಲ. ಜೊತೆಗೆ ಟ್ಯಾಲಿ ಕಲಿತರೆ ಸರ್ಕಾರಿ ಕೆಲಸ ಸಿಗದಿದ್ದರೂ ಸೊಸೈಟಿ, ಆಸ್ಪತ್ರೆ, ಶಾಲೆ, ಅಂಗಡಿ ಎಲ್ಲಿಯಾದರೂ ಕೈ ಹಿಡಿಯುತ್ತದೆ.

ಎರಡು ಎಚ್ಚರಿಕೆ ಮಾತು. ಒಂದು, "ಯೂನಿವರ್ಸಿಟಿಯಲ್ಲಿ ನನಗೆ ಗುರುತಿದೆ, ಇಷ್ಟು ಲಕ್ಷ ಕೊಡಿ, ಕೆಲಸ ಕೊಡಿಸ್ತೀನಿ" ಅಂತ ಬರುವವರನ್ನು ನಂಬಬೇಡಿ. ಅದಕ್ಕಾಗಿ ಸಂಘದಲ್ಲಿ ಸಾಲ ಎತ್ತಬೇಡಿ, ಯಾರಾದರೂ ಆ ಕಾರಣಕ್ಕೆ ಸಾಲ ಕೇಳಿದರೆ ಕೊಡಲೂಬೇಡಿ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅನ್ನೋ ಗಾದೆ ಸುಮ್ಮನೆ ಹುಟ್ಟಿಲ್ಲ. ಎರಡು, ಇಂಥ ಕಚೇರಿಗಳಲ್ಲಿ ಏಜೆನ್ಸಿ ಮೂಲಕ ಹೊರಗುತ್ತಿಗೆಯ ಕೆಲಸವೂ ಇರುತ್ತದೆ. ಅನುಭವಕ್ಕೆ ಒಳ್ಳೆಯದೇ. ಆದರೆ ಅದು ಕಾಯಂ ಕೆಲಸ ಅಲ್ಲ. ಸೇರುವ ಮೊದಲು ನೇಮಕಾತಿ ಪತ್ರ ಕೇಳಿ, ಪಿ.ಎಫ್., ಇ.ಎಸ್.ಐ. ಕಟ್ಟುತ್ತಾರೆಯೇ ಎಂದು ಕೇಳಿ. ಕೇಳುವುದು ತಪ್ಪಲ್ಲ.

ಮುಂದಿನ ಸಭೆಯಲ್ಲಿ ಮಾಡಬೇಕಾದ್ದು

ಮೂರು ಕೆಲಸ ಹೇಳಿ ಮುಗಿಸುತ್ತೇನೆ. ಒಂದು, ನಿಮ್ಮ ಸಂಘದಲ್ಲಿ ಪಿ.ಯು.ಸಿ., ಪದವಿ ಮುಗಿಸಿದ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದಾರೆ ಎಂದು ಪಟ್ಟಿ ಮಾಡಿ. ಸೊಸೆಯಂದಿರನ್ನೂ ಸೇರಿಸಿ, ಮರೆಯಬೇಡಿ. ಎರಡು, ಅವರ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ ಇವೆಯೇ ನೋಡಿ, ಇಲ್ಲದ್ದನ್ನು ಮಾಡಿಸಿ. ಮೂರು, ಸಂಘದ ಪುಸ್ತಕ ಬರೆಯುವ ಕೆಲಸವನ್ನು ಒಬ್ಬರಿಗೇ ಬಿಡದೆ ಅವರಿಗೂ ಕೊಡಿ. ತಪ್ಪಲಿ, ತಿದ್ದಲಿ, ಕಲಿಯಲಿ.

ಮುಂದೊಂದು ಮಾರ್ಚ್ ತಿಂಗಳಲ್ಲಿ, ಯಾವುದೋ ವಿಶ್ವವಿದ್ಯಾಲಯದ ಮೇಜಿನ ಮೇಲೆ ಸಹಿ ಇಲ್ಲದ ಒಂದು ಬಿಲ್ಲು ಬಂದಾಗ, ನಿಮ್ಮ ಮಗಳು ಅದನ್ನು ಹಿಡಿದು ಪಕ್ಕದ ಕಟ್ಟಡಕ್ಕೆ ಎದ್ದು ಹೋಗಲಿ.