ಮಾತ್ರೆ ಡಬ್ಬಿಯ ಗುಟ್ಟು
ಕಾಯಿಲೆಯವರ ಮನೆಗೇ ಹೋದರೆ ಆಸ್ಪತ್ರೆಯಲ್ಲಿ ಕಾಣದ್ದು ಕಾಣುತ್ತದೆ. ಅಮೆರಿಕದಲ್ಲಿ ಹೀಗೆ ಮನೆಗೆ ಹೋಗಿ ನೋಡುವವರಲ್ಲಿ ಫಿಜಿಶಿಯನ್ ಅಸಿಸ್ಟೆಂಟ್‌ಗಳೂ ಇದ್ದಾರೆ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜಿನ್ ಸ್ಟೆಡ್ ಈ ತರಬೇತಿ ಶುರುಮಾಡಿದಾಗ ಸೇರಿದವರು ನಾಲ್ಕೇ ಜನ, ನೌಕಾಪಡೆಯಲ್ಲಿ ಶುಶ್ರೂಷೆ ಮಾಡಿ ಪಳಗಿದವರು. ಈಗ ಪದವಿಯ ಮೇಲೆ ಎರಡು ವರ್ಷಕ್ಕೂ ಮಿಕ್ಕಿದ ಓದು, ಆಮೇಲೆ ಪರವಾನಗಿ. ರೋಗ ಗುರುತಿಸುತ್ತಾರೆ, ಔಷಧಿಯನ್ನೂ ಬರೆಯುತ್ತಾರೆ. ಇಷ್ಟಾಗಿಯೂ ಬರೀ 'ಸಹಾಯಕ'ರು! ಹೆಸರು ನನಗೇನೋ ಸಣ್ಣದೆನಿಸುತ್ತದೆ.

ಅಜ್ಜಿಯೊಬ್ಬರ ಮನೆಗೆ ಹೋದರೆ, ಬಿ.ಪಿ. ನೋಡುವ ಮೊದಲೇ ಈ ಅಸಿಸ್ಟೆಂಟ್‌ಗಳ ಕಣ್ಣು ಮನೆ ಸುತ್ತಿ ಬಂದಿರುತ್ತದೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯೇ? ಕಾಲಿಗೆ ತೊಡರುವ ಜಮಖಾನ? ಫ್ರಿಜ್‌ನಲ್ಲಿ ತಿನ್ನಲು ಏನಿದೆ? ಕೊನೆಗೆ ಡ್ರಾಯರ್ ಎಳೆದರೆ ಒಂದೇ ಬಿ.ಪಿ. ಮಾತ್ರೆಯ ಎರಡು ಡಬ್ಬಿ, ಬ್ರ್ಯಾಂಡ್ ಮಾತ್ರ ಬೇರೆ. ಅಜ್ಜಿ ಎರಡನ್ನೂ ದಿನಾ ತಪ್ಪದೆ ನುಂಗುತ್ತಿರುತ್ತಾರೆ. ತಲೆಸುತ್ತು ಬರದೆ ಇನ್ನೇನು?