ಒಂದು ವಾಕ್ಯದ ಸಾಕ್ಷ್ಯ

ಕಳೆದ ಮಳೆಗಾಲದ ಒಂದು ಸಂಜೆ ಪರಿಚಿತರೊಬ್ಬರು ನಮ್ಮ ಮನೆಗೆ ಬಂದರು. ಕಾಫಿ ಆರುವವರೆಗೂ ಮಳೆಬೆಳೆಯ ಮಾತನ್ನೇ ಆಡಿದರು. ಏಳುವ ಹೊತ್ತಿಗೆ, “ನಮ್ಮ ಹುಡುಗ ಎರಡು ರಾತ್ರಿ ಎದ್ದೇ ಇರುತ್ತಾನೆ, ರಾಯರೆ, ಮೂರನೆಯ ದಿನ ಸತ್ತವನಂತೆ ಮಲಗುತ್ತಾನೆ. ಕೆಲಸದ ಒತ್ತಡವಂತೆ” ಎಂದರು. ಆ ‘ಅಂತೆ’ಯಲ್ಲಿ ಅವರ ಭಯವೆಲ್ಲ ಅಡಗಿತ್ತು.

ಅವರು ಹೋದ ಮೇಲೆ ನನಗೆ ನೆನಪಾದವನು ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್. ಕೊಕೇನಿನ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ವಿಯೆನ್ನಾದ ಕಾರ್ಲ್ ಕೋಲರ್ 1884ರಲ್ಲಿ ತೋರಿಸಿಕೊಟ್ಟನು. ಸುದ್ದಿ ತಿಳಿದ ಹಾಲ್‌ಸ್ಟೆಡ್ ನ್ಯೂಯಾರ್ಕಿನಲ್ಲಿ ಅದನ್ನು ನರಗಳ ಬಳಿಗೇ ಚುಚ್ಚಿ ನೋಡಿದನು. ತನ್ನ ಮೇಲೂ, ಸಹೋದ್ಯೋಗಿಗಳ ಮೇಲೂ. ಇಂದು ನೋವಿಲ್ಲದೆ ಹಲ್ಲು ಕೀಳಿಸಿಕೊಳ್ಳುವ ನಾವೆಲ್ಲರೂ ಆ ಸಾಹಸಕ್ಕೆ ಋಣಿಗಳು. ಋಣವನ್ನು ತೆತ್ತವರು ಅವರು.

1885ರ ಸೆಪ್ಟೆಂಬರಿನಲ್ಲಿ ಅವನು ಬರೆದ ಲೇಖನವೊಂದು ನ್ಯೂಯಾರ್ಕಿನ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಮೊದಲ ವಾಕ್ಯವನ್ನು ಓದಿದವರು ಮರೆಯಲಾರರು. ಉಪವಾಕ್ಯದೊಳಗೆ ಉಪವಾಕ್ಯ, ನಿಷೇಧದ ಮೇಲೆ ನಿಷೇಧ. ಹೇಳಲು ಹೊರಟದ್ದೇನೆಂದು ಓದುಗನಿಗೆ ಎಟುಕುವುದಿಲ್ಲ. ಕೊನೆಗೆ, ಆರೋಗ್ಯ ಸರಿಯಿಲ್ಲದೆ ಹಿಂದೊಂದು ಲೇಖನ ಅಪೂರ್ಣವಾಯಿತೆಂಬ ಒಪ್ಪಿಗೆ ಇದೆ. ಕತ್ತಿಯಷ್ಟು ನಿಖರವಾದ ಬುದ್ಧಿಯವನೊಬ್ಬನ ವಾಕ್ಯ ಹೀಗೆ ಕೈತಪ್ಪಿದುದೇ ರೋಗದ ಸಾಕ್ಷ್ಯ.

ಮನೆಯವರ ಕಣ್ಣಿಗೆ ಬೀಳುವ ಸಾಕ್ಷ್ಯಗಳು ಇನ್ನೂ ಸರಳ. ಪಾಪೆ ಅರಳಿರುತ್ತದೆ; ಹಸಿವಿರುವುದಿಲ್ಲ; ಮಾತು ತಡೆಯಿಲ್ಲದೆ ಹರಿಯುತ್ತದೆ. ನೆಗಡಿಯಿಲ್ಲದೆ ಮೂಗು ಸೋರುತ್ತದೆ, ಒಮ್ಮೊಮ್ಮೆ ರಕ್ತವೂ ಬರುತ್ತದೆ. ಹಣ ಎಲ್ಲಿ ಹೋಯಿತೆಂಬುದಕ್ಕೆ ಲೆಕ್ಕ ಸಿಗುವುದಿಲ್ಲ. ಕೆಲವರಿಗೆ ಹೆಂಡತಿಯ ಮೇಲೆ, ನೆರೆಯವರ ಮೇಲೆ ಅಕಾರಣ ಸಂಶಯ. ಚರ್ಮದೊಳಗೆ ಹುಳು ಹರಿದಂತೆ ಭ್ರಮೆ. ಇವುಗಳಲ್ಲಿ ಯಾವುದೊಂದೂ ನಿರ್ಣಾಯಕವಲ್ಲ; ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯೂ ನಿದ್ದೆಗೆಡುತ್ತಾನೆ. ಆದರೆ ಉಬ್ಬರದ ಹಿಂದೆಯೇ ಇಳಿತ, ದಿನಗಟ್ಟಲೆ ನಿದ್ದೆ, ಕಡು ಖಿನ್ನತೆ, ಮತ್ತೆ ಅದೇ ಉಬ್ಬರ. ಈ ಆವರ್ತನವನ್ನು ಕಂಡರೆ ಸುಮ್ಮನಿರಬಾರದು. ಇಳಿತದ ದಿನಗಳಲ್ಲಿ ಸಾವಿನ ಮಾತೆತ್ತಿದವನನ್ನು ಒಬ್ಬನೇ ಬಿಡಲಾಗದು. ಎದೆನೋವೋ ಸೆಳವೋ ಕಾಣಿಸಿದರೆ ವಯಸ್ಸನ್ನು ನೋಡದೆ ಆಸ್ಪತ್ರೆಗೆ ಒಯ್ಯಬೇಕು. ಕೊಕೇನ್ ಎಳೆಯ ಹೃದಯವನ್ನೂ ನಿಲ್ಲಿಸಬಲ್ಲದು.

ಹಾಲ್‌ಸ್ಟೆಡ್ 1886ರಲ್ಲಿ ಪ್ರಾವಿಡೆನ್ಸಿನ ಬಟ್ಲರ್ ಆಸ್ಪತ್ರೆಯನ್ನು ಸೇರಿದನು. ಮರುವರ್ಷ ಮತ್ತೊಮ್ಮೆ ಸೇರಬೇಕಾಯಿತು. ಮಿತ್ರ ವಿಲಿಯಂ ವೆಲ್ಚ್ ಅವನನ್ನು ಬಾಲ್ಟಿಮೋರಿಗೆ ಕರೆಸಿಕೊಂಡು ಪ್ರಯೋಗಶಾಲೆಯಲ್ಲಿ ಕೆಲಸ ಕೊಟ್ಟನು. ಮುಂದೆ ಜಾನ್ಸ್ ಹಾಪ್ಕಿನ್ಸಿನಲ್ಲಿ ಅವನು ಶಸ್ತ್ರವೈದ್ಯದ ಆಚಾರ್ಯನೇ ಆದನು. ಆದರೆ ಕೊಕೇನಿನ ಜಾಗಕ್ಕೆ ಮಾರ್ಫಿನ್ ಬಂದು ಕುಳಿತಿತ್ತು. ಅವನು 1922ರಲ್ಲಿ ತೀರಿಕೊಂಡನು. ಆ ಗುಟ್ಟನ್ನು ಬಲ್ಲ ಆಸ್ಲರನ ಬರಹ ಬೆಳಕಿಗೆ ಬಂದುದು 1969ರಲ್ಲಿ. ಒಂದನ್ನು ಬಿಡಿಸಲು ಇನ್ನೊಂದನ್ನು ಹಿಡಿಸುವ ಈ ತಪ್ಪನ್ನು ತರುಣ ಫ್ರಾಯ್ಡನೂ ಮಾಡಿದ್ದನು: ಮಾರ್ಫಿನ್ ಹಿಡಿದಿದ್ದ ಗೆಳೆಯ ಫ್ಲೈಶ್ಲನಿಗೆ ಕೊಕೇನ್ ಸೂಚಿಸಿದವನು ಅವನೇ.

ಕೊಕೇನಿನ ಚಟವನ್ನು ಬಿಡಿಸುವ, ಅಂಗೀಕೃತವಾದ ಗುಳಿಗೆ ಇಂದಿಗೂ ಇಲ್ಲ. ಇರುವುದು ಆಪ್ತಸಮಾಲೋಚನೆ, ಆಸೆಯನ್ನು ಕೆರಳಿಸುವ ಗೆಳೆಯರನ್ನೂ ಸ್ಥಳಗಳನ್ನೂ ಗುರುತಿಸಿ ದೂರವಿಡುವ ಅಭ್ಯಾಸ, ಮೂತ್ರಪರೀಕ್ಷೆ ಶುದ್ಧವಾಗಿ ಬಂದಾಗಲೆಲ್ಲ ಸಣ್ಣ ಬಹುಮಾನ. ಕೊನೆಯದು ಮಕ್ಕಳಾಟಿಕೆಯಂತೆ ತೋರಬಹುದು. ಆದರೆ ಸಂಶೋಧನೆಗಳಲ್ಲಿ ಚೆನ್ನಾಗಿ ಫಲ ಕೊಟ್ಟಿರುವುದು ಅದೇ. ನಡುವೆ ಮರಳಿ ಬೀಳುವುದೂ ಉಂಟು. ಅದಕ್ಕಾಗಿ ಮನೆಯಿಂದ ಹೊರಗಟ್ಟುವುದು ಚಿಕಿತ್ಸೆಯಲ್ಲ.

ನಾಲ್ಕು ದಿನ ಬಿಟ್ಟು ನಾನೇ ಪರಿಚಿತರ ಮನೆಗೆ ಹೋದೆ. “ಪೊಲೀಸರು?” ಎಂಬುದೇ ಅವರ ಮೊದಲ ಪ್ರಶ್ನೆ. 1985ರ ಮಾದಕವಸ್ತು ಕಾಯಿದೆಯ 64ಎ ಕಲಮನ್ನು ವಿವರಿಸಿದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಗೆ ಒಳಗಾದ ವ್ಯಸನಿ, ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆಯುಂಟು, ಚಿಕಿತ್ಸೆಯನ್ನು ನಡುವೆ ಬಿಟ್ಟರೆ ರಕ್ಷಣೆ ಹೋದೀತು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿರುವುದನ್ನೂ, ಶುಲ್ಕವಿಲ್ಲದ ಸಹಾಯವಾಣಿ 14446 ಎಂಬುದನ್ನೂ ಹೇಳಿದೆ. ಅವರು ಕ್ಯಾಲೆಂಡರಿನ ಅಂಚಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಆ ಸಂಖ್ಯೆಯನ್ನು ಬರೆದುಕೊಂಡರು. ಒಳಕೋಣೆಯ ಬಾಗಿಲು ತುಸು ತೆರೆದಿತ್ತು. “ಅಪ್ಪಾ, ಯಾವತ್ತು ಹೋಗೋಣ?” ಎಂಬ ದನಿ ಒಳಗಿನಿಂದ ಬಂದಿತು.