ಖಾಲಿ ಕೊಡ ಹೊತ್ತು ಬೆಟ್ಟ ಹತ್ತುವುದು

ಬೆಂಗಳೂರಿನಿಂದ ದೆಹಲಿಗೆ ಹೋದ ವಿಮಾನ ಇಂಧನ ತುಂಬಿಸಿಕೊಂಡು ಸಂಜೆಗೆ ವಾಪಸು ಬರುತ್ತದೆ. ರಾಕೆಟ್ಟೂ ಹಾಗೇ ಇಡಿಯಾಗಿ ಹೋಗಿ ಇಡಿಯಾಗಿ ಬರಬಾರದೇ? ಏಕಹಂತದ ರಾಕೆಟ್ಟಿನ ಕನಸು ಅಂದರೆ ಇಷ್ಟೇ.

ಅಡ್ಡಿ ಇರುವುದು ತೂಕದಲ್ಲಿ. ಭೂಮಿಯನ್ನು ಸುತ್ತುತ್ತಿರಲು ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗ ಬೇಕು. ಗುರುತ್ವಕ್ಕೂ ಗಾಳಿಗೂ ತೆರುವ ಸುಂಕ ಸೇರಿಸಿದರೆ ಲೆಕ್ಕ 9 ದಾಟುತ್ತದೆ. ರಷ್ಯಾದ ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸೂತ್ರಕ್ಕೆ ಈ ಅಂಕಿ ಹಾಕಿ ನೋಡಿ: ದ್ರವ ಜಲಜನಕ, ಆಮ್ಲಜನಕಗಳನ್ನು ಉರಿಸುವ ಒಳ್ಳೆಯ ಎಂಜಿನ್ನಿದ್ದರೂ, 100 ಕಿಲೋ ರಾಕೆಟ್ಟಿನಲ್ಲಿ 88 ಕಿಲೋದಷ್ಟು ಉರಿದುಹೋಗುವ ಸರಕೇ. ಉಳಿದ 12ರಲ್ಲಿ ಟ್ಯಾಂಕು, ಎಂಜಿನ್, ಮರಳುವಾಗ ಸುಡದಂತೆ ಕಾಯುವ ಕವಚ, ಇಳಿಯಲು ಗಾಲಿ. ಉಪಗ್ರಹಕ್ಕೆ ಮಿಕ್ಕರೆ ಮಿಕ್ಕಿತು! ಟ್ಯಾಂಕು ಒಂದು ಕಿಲೋ ಹೆಚ್ಚು ತೂಗಿದರೆ ಉಪಗ್ರಹ ಒಂದು ಕಿಲೋ ಸೊರಗಬೇಕು.

ನಾಸಾ ಮತ್ತು ಲಾಕ್‌ಹೀಡ್ ಮಾರ್ಟಿನ್ ಕಂಪನಿ 1996ರಲ್ಲಿ ಕೈಹಾಕಿದ ಎಕ್ಸ್-33 ಎಡವಿದ್ದು ಈ ತೂಕದ ಲೆಕ್ಕದಲ್ಲೇ. ವೆಂಚರ್‌ಸ್ಟಾರ್ ಎಂಬ ಏಕಹಂತದ ನೌಕೆಗೆ ಅದು ಹೆಚ್ಚುಕಡಿಮೆ ಅರ್ಧ ಅಳತೆಯ ಮಾದರಿ. ಹಗುರವಾಗಲೆಂದು ಜಲಜನಕದ ಟ್ಯಾಂಕನ್ನು ಲೋಹದ ಬದಲು ಇಂಗಾಲದ ನಾರಿನಿಂದ, ನಡುವೆ ಜೇನುಗೂಡಿನಂಥ ತಿರುಳಿಟ್ಟು ಮಾಡಿದರು. 1999ರ ನವೆಂಬರಿನಲ್ಲಿ, ಮೈನಸ್ 253 ಡಿಗ್ರಿಯ ಜಲಜನಕ ತುಂಬಿದ ಪರೀಕ್ಷೆಯಲ್ಲಿ ಒಳಪದರದಿಂದ ತಿರುಳು ಬಿಟ್ಟುಕೊಂಡಿತು. 2001ರಲ್ಲಿ ಯೋಜನೆಗೇ ತೆರೆ ಬಿತ್ತು. ನೌಕೆ ಒಮ್ಮೆಯೂ ಹಾರಲಿಲ್ಲ.

ಮುಳ್ಳಯ್ಯನಗಿರಿಗೆ ನೀರು ಹೊತ್ತು ಹತ್ತುವಾಗ, ಖಾಲಿಯಾದ ಕೊಡವನ್ನು ತುದಿಯವರೆಗೆ ಯಾರು ಹೊರುತ್ತಾರೆ? ಅರ್ಧದಾರಿಯಲ್ಲೇ ಜೊತೆಗಾರನ ಕೈಗೆ ಕೊಟ್ಟು ಕೆಳಗೆ ಕಳಿಸುತ್ತೇವೆ. ಎರಡು ಹಂತದ ರಾಕೆಟ್ಟಿನ ಜಾಣತನವೂ ಅದೇ. 2015ರ ಡಿಸೆಂಬರಿನಲ್ಲಿ ಫಾಲ್ಕನ್-9 ರಾಕೆಟ್ಟಿನ ಕೆಳಹಂತ ನೆಟ್ಟಗೆ ನೆಲಕ್ಕಿಳಿಯಿತಲ್ಲ, ಅದು ಮೇಲಿನ ಹಂತದಿಂದ ಬೇರೆಯಾಗುವುದು ಕಕ್ಷೆಯ ವೇಗದ ಸುಮಾರು ಕಾಲುಭಾಗದಲ್ಲಿ. ವೇಗ ಕಾಲಾದರೆ ಶಕ್ತಿ ಹದಿನಾರನೇ ಒಂದು ಪಾಲು. ಬಿಸಿಯ ಕಾಟ ಅಷ್ಟು ಕಡಿಮೆ. ಕೆಳಹಂತಕ್ಕೆ ಕಾಲು ಕಟ್ಟಿ ಭಾರ ಹೆಚ್ಚಿಸಿದರೂ ಉಪಗ್ರಹ ಕಳೆದುಕೊಳ್ಳುವುದು ಅದರ ಸಣ್ಣ ಪಾಲನ್ನು ಮಾತ್ರ. ಈ ಕ್ಷಮಾಗುಣವೇ ನನಗೆ ದೊಡ್ಡದಾಗಿ ಕಾಣುವುದು. ನಷ್ಟ ಇಲ್ಲದಿಲ್ಲ: ಫಾಲ್ಕನ್ನಿನ ಮೇಲಿನ ಹಂತ ಪ್ರತಿಸಲವೂ ಹೋದದ್ದು ಹೋಯಿತು, ಎರಡನ್ನೂ ಮತ್ತೆ ಜೋಡಿಸಲು ಆಳು, ಕ್ರೇನು ಬೇಕು.

ಇಸ್ರೋದ ಗುರಿಯೂ ಎರಡು ಹಂತದ ಮರುಬಳಕೆಯ ವಾಹನವೇ. ಅದಕ್ಕೊಂದು ತಾಲೀಮು ನಡೆದದ್ದು ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ. 2023ರ ಏಪ್ರಿಲ್ 2ರ ಬೆಳಗ್ಗೆ, ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸಮುದ್ರಮಟ್ಟದಿಂದ 4.5 ಕಿಲೋಮೀಟರ್ ಎತ್ತರದಲ್ಲಿ ಕೈಬಿಟ್ಟ ರೆಕ್ಕೆಯ ಪುಟ್ಟ ನೌಕೆ, ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು.